ಚಳಿಗೆ ಹೆದರಿ ಘಟ್ಟ ಇಳಿಯುವ ಮುಂಚೆ

ಕೇಳುಗರೆಲ್ಲರಿಗೂ ನಮಸ್ಕಾರ.

ಮಡಿಕೇರಿಯಲ್ಲಿ ಅರವತ್ತು ದಾಟಿದ ಇಬ್ಬರು ಜನವರಿ ತಿಂಗಳಲ್ಲಿ ಎದುರಾದರೆ ಮೊದಲು ಮೊಣಕಾಲಿನ ಮಾತು, ಆಮೇಲೆ ಚಳಿಯ ಮಾತು, ಕೊನೆಗೆ ಯಾರೋ ಮನೆ ಮಾರಿ ಮೈಸೂರಿಗೆ ಹೋದ ಸುದ್ದಿ. ನಮ್ಮ ಮನೆಯಲ್ಲೂ ಈ ಚರ್ಚೆ ಕೆಲವು ವರ್ಷಗಳಿಂದ ನಡೆಯುತ್ತಾ ಇದೆ. ಮಗಳು ಮಂಗಳೂರಿನಲ್ಲಿದ್ದಾಳೆ. ಫೋನ್ ಮಾಡಿದಾಗೆಲ್ಲ, 'ಅಮ್ಮಾ, ಆ ಥಂಡಿಯಲ್ಲಿ ಯಾಕೆ ಕೂತಿದ್ದೀರಿ, ಅಪ್ಪನನ್ನು ಕರ್ಕೊಂಡು ಇಲ್ಲಿಗೇ ಬಂದುಬಿಡಿ' ಅಂತಾಳೆ. ನಮ್ಮ ಮನೆಯವರಿಗೆ ಅಸ್ತಮಾ. ಅವರು ಇನ್ಹೇಲರ್ ಎಳೆದುಕೊಳ್ಳುತ್ತಲೇ 'ನಾನು ಎಲ್ಲಿಗೂ ಬರುವುದಿಲ್ಲ' ಅನ್ನುತ್ತಾರೆ. ಮಧ್ಯದಲ್ಲಿ ನಾನು. ನಾನು ಡಾಕ್ಟರೂ ಅಲ್ಲ, ಹವಾಮಾನ ಇಲಾಖೆಯವಳೂ ಅಲ್ಲ, ಮಕ್ಕಳಿಗೆ ಪಾಠ ಹೇಳಿ ನಿವೃತ್ತಿಯಾದವಳು. ಈ ವಿಷಯದಲ್ಲಿ ತಲೆ ಕೆಡಿಸಿಕೊಂಡು ಒಂದಷ್ಟು ವಿಚಾರಿಸಿದ್ದೇನೆ, ಅದನ್ನೇ ನಿಮ್ಮ ಮುಂದೆ ಇಡುತ್ತೇನೆ.

'ಚಳಿ ತಡೆಯೋಕಾಗಲ್ಲ, ಊರು ಬಿಡಬೇಕು' ಅನ್ನುವವರನ್ನು ಸ್ವಲ್ಪ ಕೆದಕಿ ನೋಡಿ. ಯಾವ ತಿಂಗಳ ಚಳಿ ಅಂತ ಕೇಳಿ. ಡಿಸೆಂಬರ್, ಜನವರಿ ಅಂತ ಥಟ್ಟನೆ ಹೇಳುತ್ತಾರೆ. ಸರಿ, ಆ ದಿನಗಳಲ್ಲಿ ನಮ್ಮಲ್ಲಿ ರಾತ್ರಿ 12–13 ಡಿಗ್ರಿ ಸಾಮಾನ್ಯ, ಕೆಲವು ರಾತ್ರಿ 10ಕ್ಕಿಂತಲೂ ಕೆಳಗೆ ಇಳಿಯುತ್ತದೆ, ಬೆಳಗ್ಗೆ ಹಾಸಿಗೆ ಬಿಟ್ಟು ಏಳುವುದೇ ಕಷ್ಟ, ಒಪ್ಪುತ್ತೇನೆ. ಆದರೆ ಒಂಬತ್ತು, ಹತ್ತು ಗಂಟೆಗೆ ಏನಾಗುತ್ತದೆ? ಮಂಜು ಕರಗಿ ಬಿಸಿಲು ಬರುತ್ತದೆ. ಮಧ್ಯಾಹ್ನ 24–25 ಡಿಗ್ರಿ. ಆಕಾಶ ನೀಲಿ. ಕಣದಲ್ಲಿ ಕಾಫಿ ಒಣಗುತ್ತಿರುತ್ತದೆ, ನಮ್ಮ ಸುಗ್ಗಿಹಬ್ಬ ಹುತ್ತರಿ ಮುಗಿದು ಜನರ ಕೈಯಲ್ಲಿ ನಾಲ್ಕು ಕಾಸು ಇರುತ್ತದೆ, ಬೆಂಗಳೂರಿನವರು ದುಡ್ಡು ಕೊಟ್ಟು ಹೋಂಸ್ಟೇ ಮಾಡಿಕೊಂಡು ಇದೇ ಚಳಿ ನೋಡೋಕೆ ಕಣಿವೆ ಕಾಣುವ ರಾಜಾಸೀಟ್ ಉದ್ಯಾನದಲ್ಲಿ ಸಾಲುಗಟ್ಟುತ್ತಾರೆ. ನಿಜ ಹೇಳಬೇಕೆಂದರೆ ಅದು ನಮ್ಮ ವರ್ಷದ ಅತ್ಯುತ್ತಮ ಕಾಲ. ಲೇಹ್‌ನಲ್ಲೋ ಕಾರ್ಗಿಲ್‌ನಲ್ಲೋ ಡ್ಯೂಟಿ ಮಾಡಿ ಬಂದ ನಮ್ಮೂರಿನ ಮಾಜಿ ಸೈನಿಕರ ಮುಂದೆ ಇದನ್ನು ಚಳಿಗಾಲ ಅಂತ ಹೇಳಿದರೆ ಅವರು ನಗುತ್ತಾರೆ.

ಈಗ ಜುಲೈ ತಿಂಗಳು ನೆನಪು ಮಾಡಿಕೊಳ್ಳಿ. ಮಡಿಕೇರಿಗೆ ವರ್ಷಕ್ಕೆ 3000 ಮಿಲಿಮೀಟರಿಗೂ ಜಾಸ್ತಿ ಮಳೆ, ಅದರಲ್ಲಿ ಹೆಚ್ಚಿನದು ಜೂನ್‌ನಿಂದ ಸೆಪ್ಟೆಂಬರ್ ಒಳಗೆ ಸುರಿದುಬಿಡುತ್ತದೆ. ಥರ್ಮಾಮೀಟರ್ ಇಟ್ಟು ನೋಡಿದರೆ ಆಗ ಹಗಲು 20ರ ಆಸುಪಾಸು, ರಾತ್ರಿ 17. ಅಂದರೆ ಜನವರಿಯ ರಾತ್ರಿಗಿಂತ ಬೆಚ್ಚಗೇ ಇದೆ! ಆದರೂ ಮೂಳೆಯೊಳಗೆ ಹೊಕ್ಕುವುದು ಆ ಚಳಿಯೇ. ಯಾಕೆಂದರೆ ಹಗಲಿಗೂ ರಾತ್ರಿಗೂ ವ್ಯತ್ಯಾಸ ಇಲ್ಲ, ಮೈ ಕಾಯಿಸಿಕೊಳ್ಳೋಕೆ ಬಿಸಿಲಿನ ಒಂದು ಗಳಿಗೆಯೂ ಸಿಗುವುದಿಲ್ಲ, ಗಾಳಿಯಲ್ಲಿ ನೀರು ತುಂಬಿರುತ್ತದೆ. ಸ್ವೆಟರ್ ಆ ತೇವವನ್ನು ಹೀರಿಕೊಂಡು ಭಾರವಾಗುತ್ತದೆ. ಒಗೆದ ಬಟ್ಟೆ ಬಚ್ಚಲೊಲೆಯ ಮೇಲೆ ಹಗ್ಗ ಕಟ್ಟಿ ಒಣಗಿಸಬೇಕು, ಹಾಗೆ ಒಣಗಿದ ಬಟ್ಟೆಗೆಲ್ಲ ಹೊಗೆ ವಾಸನೆ. ಬೀರು ಬಾಗಿಲು ತೆರೆದರೆ ಮದುವೆ ಸೀರೆಯ ಮೇಲೂ ಚಪ್ಪಲಿಯ ಮೇಲೂ ಒಂದೇ ಬೂಷ್ಟು. ಉಪ್ಪಿನ ಡಬ್ಬಿಯಲ್ಲಿ ನೀರು. ಕರೆಂಟ್ ಹೋದರೆ ಯಾವಾಗ ಬರುತ್ತದೆ ಅಂತ ಕೇಳೋದನ್ನೇ ನಾವು ಬಿಟ್ಟಿದ್ದೇವೆ.

ಅಸ್ತಮಾ ಇರುವವರಿಗೆ ಈ ಬೂಷ್ಟೇ ದೊಡ್ಡ ಶತ್ರು. ಅದರ ಕಣ್ಣಿಗೆ ಕಾಣದ ಬೀಜಕಣಗಳು ಮನೆಯೊಳಗಿನ ಗಾಳಿಯಲ್ಲೇ ತೇಲುತ್ತವೆ. ಒಣ ಚಳಿ ಗಾಳಿಯೂ ಶ್ವಾಸನಾಳವನ್ನು ಬಿಗಿಯುವಂತೆ ಮಾಡುತ್ತದೆ, ಅದು ಸುಳ್ಳಲ್ಲ. ಆದರೆ ನಮ್ಮ ಮನೆಯವರ ಉಸಿರಾಟ ಕೆಡುವುದು ಮಳೆಗಾಲದಲ್ಲೇ ಅಂತ ಹಳೇ ಔಷಧಿ ಚೀಟಿಗಳ ತಾರೀಕು ನೋಡಿದ ಮೇಲೆ ನನಗೆ ಗೊತ್ತಾಯಿತು. ನೀವೂ ಚೀಟಿಗಳನ್ನು ಎಸೆಯದೆ ಇಟ್ಟಿದ್ದರೆ ಒಮ್ಮೆ ತೆಗೆದು ನೋಡಿ. ಬಾಯಿಮಾತಿಗಿಂತ ಅವು ಸರಿಯಾಗಿ ಹೇಳುತ್ತವೆ.

ಜನವರಿ ರಾತ್ರಿಯೊಂದೇ ತೊಂದರೆ ಅಂತಾದರೆ ಊರು ಬಿಡುವ ಮಾತೇ ಬೇಡ. ಮಲಗುವ ಒಂದು ಕೋಣೆಯನ್ನು ಗಟ್ಟಿ ಮಾಡಿಕೊಳ್ಳಿ, ಹೆಂಚಿನ ಕೆಳಗೆ ಸೀಲಿಂಗ್ ಹಾಕಿಸಿ, ಕಿಟಕಿ ಸಂದು ಮುಚ್ಚಿ, ಕಾಲಿಗೆ ಬಿಸಿನೀರಿನ ರಬ್ಬರ್ ಚೀಲ ಇಟ್ಟುಕೊಳ್ಳಿ. ಕೊಠಡಿಯಲ್ಲಿ ಕೆಂಡದ ಬಾಂಡಲಿ ಇಟ್ಟು ಬಾಗಿಲು ಹಾಕಿಕೊಂಡು ಮಾತ್ರ ದಯವಿಟ್ಟು ಮಲಗಬೇಡಿ. ಕೆಂಡದಿಂದ ಬರುವ ಕಾರ್ಬನ್ ಮೊನಾಕ್ಸೈಡಿಗೆ ವಾಸನೆ ಇಲ್ಲ, ನಿದ್ದೆಯಲ್ಲೇ ಜೀವ ಹೋಗುತ್ತದೆ. ಇನ್ನು ತೊಂದರೆ ಜುಲೈಯದ್ದು ಅಂತಾದರೆ ಆ ಮಾತು ಬೇರೆ. ಅದಕ್ಕೆ ಹೀಟರ್ ಸಾಲುವುದಿಲ್ಲ.

ಹಾಗಾದರೆ ಎಲ್ಲಿಗೆ ಹೋಗುವುದು? ಬೆಚ್ಚಗಿನ ಊರು ಬೇಕು ಅಂತ ನಾವು ತುಂಬಾ ದೂರ ಹೋಗಬೇಕಾಗಿಲ್ಲ, ಸುಮ್ನೆ ಕೆಳಗೆ ಇಳಿದರೆ ಸಾಕು. ಸಾವಿರ ಮೀಟರ್ ಇಳಿದರೆ ಸರಾಸರಿ ಆರೂವರೆ ಡಿಗ್ರಿ ಬಿಸಿ ಏರುತ್ತದೆ. ಮಡಿಕೇರಿ ಇರುವುದು ಸುಮಾರು 1150 ಮೀಟರ್ ಎತ್ತರದಲ್ಲಿ. ಮೂವತ್ತು ಕಿಲೋಮೀಟರ್ ಆಚೆಗಿನ ಕುಶಾಲನಗರ ನಮಗಿಂತ ಮುನ್ನೂರು ಮೀಟರ್ ತಗ್ಗು, ಹಾಗಾಗಿ ಎರಡು ಡಿಗ್ರಿ ಬೆಚ್ಚಗೆ. ಎರಡೇನಾ ಅನ್ನಬೇಡಿ. ಅಲ್ಲಿ ನಿಜವಾದ ಲಾಭ ಮಳೆಯದ್ದು. ಪಡುವಣದಿಂದ ಬರುವ ಮೋಡ ಭಾಗಮಂಡಲ, ತಲಕಾವೇರಿಯ ಬೆಟ್ಟಸಾಲಿನಲ್ಲಿ ಹೊರೆ ಇಳಿಸಿ, ನಮ್ಮ ತಲೆ ಮೇಲೂ ಒಂದಷ್ಟು ಸುರಿದು, ಕುಶಾಲನಗರ ತಲುಪುವಾಗ ಹಗುರವಾಗಿರುತ್ತದೆ. ಮಡಿಕೇರಿಯ ಅರ್ಧದಷ್ಟು ಮಳೆಯೂ ಅಲ್ಲಿಲ್ಲ. ಮನೆ ನೋಡುವಾಗ ಒಂದು ಎಚ್ಚರ ಇರಲಿ, 2018 ಮತ್ತು 2019ರಲ್ಲಿ ಕಾವೇರಿ ಉಕ್ಕಿ ಹೊಳೆದಂಡೆಯ ಬಡಾವಣೆಗಳಿಗೆ ನೀರು ನುಗ್ಗಿತ್ತು. ಬ್ರೋಕರನ್ನು ಬಿಟ್ಟು ಪಕ್ಕದ ಮನೆಯವರನ್ನು ಕೇಳಿ, ನೀರು ಎಲ್ಲಿಯವರೆಗೆ ಬಂದಿತ್ತು ಅಂತ ಗೋಡೆ ತೋರಿಸುತ್ತಾರೆ.

ಎತ್ತರದ ಲೆಕ್ಕಕ್ಕೆ ಒಂದು ಅಪವಾದ ಇದೆ, ನಮ್ಮ ಹಿರಿಯರಿಗೆ ಇದು ಚೆನ್ನಾಗಿ ಗೊತ್ತು. ಚಳಿಗಾಲದ ರಾತ್ರಿ ತಣ್ಣನೆಯ ಗಾಳಿ ಭಾರವಾಗಿ ಇಳಿಜಾರಿನಲ್ಲಿ ಹರಿದು ಗದ್ದೆಬಯಲಿನಲ್ಲಿ ನಿಲ್ಲುತ್ತದೆ. ಅದಕ್ಕೇ ಏರಿನ ಮನೆಗಿಂತ ಕೆಳಗೆ ಗದ್ದೆ ಪಕ್ಕದ ಮನೆಯಲ್ಲಿ ಬೆಳಗಿನ ಚಳಿ ಜಾಸ್ತಿ. ಊರು ಬದಲಿಸುವ ಬದಲು ಓಣಿ ಬದಲಿಸಿದರೂ ಕೆಲವರಿಗೆ ಸಾಕಾಗಬಹುದು.

ಮಂಗಳೂರಿನ ವಿಷಯಕ್ಕೆ ಬರುತ್ತೇನೆ. ಜನವರಿಯಲ್ಲಿ ಮಗಳ ಮನೆಗೆ ಹೋದರೆ ಅದು ಸ್ವರ್ಗ. ರಾತ್ರಿ 21 ಡಿಗ್ರಿ, ಒಂದು ತೆಳು ಹೊದಿಕೆ ಸಾಕು, ಮೊಣಕಾಲು ಇದೆ ಅನ್ನೋದೇ ಮರೆತುಹೋಗುತ್ತದೆ. ಎಲ್ಲರೂ ಮನಸ್ಸು ಮಾಡುವುದು ಆ ಒಂದು ವಾರದಲ್ಲಿ. ಅಲ್ಲೇ ಫ್ಲಾಟ್ ನೋಡುತ್ತಾರೆ, ಅಡ್ವಾನ್ಸ್ ಕೊಟ್ಟು ಬರುತ್ತಾರೆ. ಅದೇ ಊರಿಗೆ ಏಪ್ರಿಲ್, ಮೇ ತಿಂಗಳಲ್ಲಿ ಹೋಗಿ. ಹಗಲು 33–34, ಅದೇನು ದೊಡ್ಡದಲ್ಲ, ಮೈಸೂರಿನಲ್ಲೂ ಅಷ್ಟೇ ಇರುತ್ತದೆ. ಆದರೆ ಮಂಗಳೂರಿನಲ್ಲಿ ರಾತ್ರಿಯೂ 25–26ಕ್ಕಿಂತ ಕೆಳಗೆ ಬರುವುದಿಲ್ಲ, ಗಾಳಿ ತೇವದಿಂದ ತುಂಬಿರುವುದರಿಂದ ಬೆವರು ಆರುವುದಿಲ್ಲ. ಬೆವರು ಆರಿದರೆ ತಾನೇ ಮೈ ತಂಪಾಗುವುದು? ಫ್ಯಾನೇ ಇಲ್ಲದ ಮನೆಯಲ್ಲಿ ಐವತ್ತು ವರ್ಷ ಮಲಗಿದವರಿಗೆ ಆ ಸೆಕೆ ಅಂದರೆ ಏನು ಅಂತ ಮೊದಲ ರಾತ್ರಿಯೇ ಗೊತ್ತಾಗುತ್ತದೆ. ಇನ್ನೊಂದು ವಿಷಯ, ಮಳೆಗೆ ಹೆದರಿ ಮಂಗಳೂರಿಗೆ ಹೋಗುವವರಿಗೆ. ಅಲ್ಲಿಯ ವರ್ಷದ ಮಳೆ ಮಡಿಕೇರಿಗಿಂತ ಕಡಿಮೆಯೇನೂ ಇಲ್ಲ! ಮಳೆ ಬೆಚ್ಚಗಿರುತ್ತದೆ, ನಡುವೆ ಬಿಸಿಲು ಇಣುಕುತ್ತದೆ, ಬಟ್ಟೆ ಒಣಗುತ್ತದೆ, ಅಷ್ಟು ವ್ಯತ್ಯಾಸ.

ಹಾಗಾಗಿ ನನ್ನ ಸಲಹೆ ಇಷ್ಟೇ. ಬಿಡುವ ಊರಿನ ಕೆಟ್ಟ ತಿಂಗಳನ್ನು ಹೋಗುವ ಊರಿನ ಒಳ್ಳೆಯ ತಿಂಗಳ ಜೊತೆ ತೂಗಬೇಡಿ. ಹೋಗುವ ಊರಿನ ಕೆಟ್ಟ ತಿಂಗಳಲ್ಲಿ ಅಲ್ಲಿ ಇದ್ದು ನೋಡಿ. ನೆಂಟರ ಏಸಿ ಕೋಣೆಯಲ್ಲಿ ಬೇಡ, ಸಾಧಾರಣ ಬಾಡಿಗೆ ಕೋಣೆಯಲ್ಲಿ ಇರಿ. ನಾಲ್ಕು ದಿನಕ್ಕೆ 'ಅಯ್ಯೋ ಆಗಲ್ಲ' ಅಂತ ವಾಪಸ್ ಬರುವುದೂ ಸರಿಯಲ್ಲ, ದೇಹ ಸೆಕೆಗೆ ಒಗ್ಗಿಕೊಳ್ಳೋಕೆ ಒಂದೆರಡು ವಾರ ಹಿಡಿಯುತ್ತದೆ. ಮೂರನೇ ವಾರದ ಅಭಿಪ್ರಾಯಕ್ಕೆ ಬೆಲೆ ಇದೆ.

ಬಿಪಿ ಮಾತ್ರೆ ತಗೊಳ್ಳುವವರಿಗೆ ಒಂದು ಮಾತು. ಚಳಿಯಲ್ಲಿ ರಕ್ತನಾಳ ಬಿಗಿದು ಬಿಪಿ ಸ್ವಲ್ಪ ಏರುತ್ತದೆ, ಸೆಕೆಯ ಊರಿನಲ್ಲಿ ಇಳಿಯುತ್ತದೆ. ಇಲ್ಲಿ ಸರಿಹೊಂದಿದ ಮಾತ್ರೆ ಅಲ್ಲಿ ಜಾಸ್ತಿಯಾಗಿ ತಲೆಸುತ್ತು ಬರಬಹುದು. ಮುಖ್ಯವಾಗಿ ಮೂತ್ರ ಹೋಗಿಸುವ ಮಾತ್ರೆ ಇದ್ದರೆ ಹೊರಡುವ ಮುಂಚೆಯೇ ಡಾಕ್ಟರನ್ನು ಕೇಳಿ, ನೀವೇ ನಿಲ್ಲಿಸಬೇಡಿ. ವಯಸ್ಸಾದ ಮೇಲೆ ಬಾಯಾರಿಕೆ ಸರಿಯಾಗಿ ಗೊತ್ತಾಗುವುದಿಲ್ಲ, ಮಡಿಕೇರಿಯಲ್ಲಿ ದಿನಕ್ಕೆ ಮೂರು ಲೋಟ ನೀರು ಕುಡಿದು ಕಾಲ ಹಾಕಿದವರು ಅಲ್ಲಿ ಹಾಗೆ ಮಾಡಿದರೆ ಆಸ್ಪತ್ರೆ ಸೇರಬೇಕಾಗುತ್ತದೆ.

ಬೈಲುಕುಪ್ಪೆಗೆ ಹೋದಾಗೆಲ್ಲ ನನಗೆ ಅಲ್ಲಿಯ ಹಿರಿಯರನ್ನು ನೋಡಿ ಆಶ್ಚರ್ಯವಾಗುತ್ತದೆ. 1960ರ ದಶಕದ ಶುರುವಿನಲ್ಲಿ ಟಿಬೆಟಿನ ಹಿಮದ ನಾಡಿನಿಂದ ಬಂದವರು. ಕಾಡು ಕಡಿದು ಹೊಲ ಮಾಡಬೇಕು, ಮೇಲೆ ಈ ಬಿಸಿಲು. ಮೊದಲ ವರ್ಷಗಳಲ್ಲಿ ಅವರು ಪಟ್ಟ ಪಾಡು ಕಡಿಮೆಯದ್ದಲ್ಲ. ಈಗ ಅವರ ಮೊಮ್ಮಕ್ಕಳು ಜೋಳದ ಹೊಲದ ಬದಿಯಲ್ಲಿ ಕನ್ನಡ ಮಾತಾಡುತ್ತಾ ಬೈಕ್ ಓಡಿಸುತ್ತಾರೆ. ಮನುಷ್ಯ ಒಗ್ಗಿಕೊಳ್ಳುತ್ತಾನೆ, ನಿಜ. ಆದರೆ ಅವರಿಗೆ ವಾಪಸ್ ಹೋಗುವ ದಾರಿ ಇರಲಿಲ್ಲ. ನಮಗೆ ಇದೆ, ಅದನ್ನು ನಾವಾಗಿ ಮುಚ್ಚಿಕೊಳ್ಳುವುದು ಯಾಕೆ?

ನಾನು ಹೇಳುತ್ತಿರುವುದು ಮನೆ ಮಾರುವ ವಿಷಯ. ಅವಸರದಲ್ಲಿ ಮಾರಬೇಡಿ. ಜಮ್ಮಾ ಜಾಗವಾದರೆ, ಅಂದರೆ ತಲೆಮಾರಿನಿಂದ ಇಡೀ ಕುಟುಂಬಕ್ಕೆ ಸೇರಿ ಬಂದದ್ದಾದರೆ, ಅವಸರದಲ್ಲಿ ಮಾರೋಕೂ ಆಗುವುದಿಲ್ಲ ಬಿಡಿ, ಇಡೀ ಕುಟುಂಬದವರ ಒಪ್ಪಿಗೆ ಕೂಡಿಸುವಷ್ಟರಲ್ಲಿ ಎರಡು ಮಳೆಗಾಲ ಕಳೆದಿರುತ್ತದೆ. ಟೌನಿನ ಸೈಟ್ ಮನೆ ಇರುವವರಿಗೇ ಈ ಅಪಾಯ ಜಾಸ್ತಿ. ಮೊದಲು ಬಾಡಿಗೆಗೆ ಹೋಗಿ ಒಂದು ವರ್ಷ ನೋಡಿ.

2018ರ ಆಗಸ್ಟ್ ಆದ ಮೇಲೆ ಚಳಿಗಿಂತ ಭಯದಿಂದ ಹೊರಟವರೂ ಇದ್ದಾರೆ. ಮಕ್ಕಂದೂರು, ಜೋಡುಪಾಲದ ಕಡೆ ಗುಡ್ಡ ಜಾರಿದ್ದನ್ನು ನೋಡಿದವರಿಗೆ ಜೋರು ಮಳೆಯ ರಾತ್ರಿ ನಿದ್ದೆ ಬರುವುದಿಲ್ಲ. ಅವರಿಗೆ ನಾನು ಲೆಕ್ಕ ಹೇಳುವುದಿಲ್ಲ. ಆದರೆ ಅದರಿಂದ ಕಲಿಯಬೇಕಾದ ಒಂದು ಸಂಗತಿ ಎಲ್ಲರಿಗೂ ಇದೆ. ಆಗ ಸಂಪಾಜೆ ರಸ್ತೆ ಬಂದ್ ಆಗಿ ಮಂಗಳೂರು ಆಸ್ಪತ್ರೆಗೆ ಹೋಗಬೇಕಾದವರು ಸುತ್ತು ಹಾಕಬೇಕಾಯಿತು. ನಮಗೆ ರೈಲು ಇಲ್ಲ, ಘಟ್ಟದ ರಸ್ತೆಯೇ ಗತಿ. ನಿಮ್ಮ ಡಾಕ್ಟರ್ ಘಟ್ಟದ ಯಾವ ಬದಿಯಲ್ಲಿದ್ದಾರೆ, ಮಳೆಗಾಲದಲ್ಲಿ ನೀವು ಯಾವ ಬದಿಯಲ್ಲಿರುತ್ತೀರಿ ಅಂತ ಯೋಚಿಸಿ.

ಪಕ್ಕದ ಮನೆಯವರ ವಾದ ಬೇರೆ. 'ಫೀಲ್ಡ್ ಮಾರ್ಷಲ್ ಕಾರ್ಯಪ್ಪನವರು ದೇಶ ವಿದೇಶ ಸುತ್ತಿ ಕೊನೆಗೆ ಮಡಿಕೇರಿಯ ತಮ್ಮ ಮನೆ ರೋಶನಾರಾಗೇ ಬಂದು ನೆಲೆಸಿದರು, ನಿಮಗೇನು ಕಷ್ಟ?' ಅಂತ ಕೇಳುತ್ತಾರೆ. ಸರಿಯೇ, ಆದರೆ ಕಾರ್ಯಪ್ಪನವರ ಹೆಸರು ಹೇಳಿದರೆ ನಮ್ಮ ಮನೆಯವರ ಉಸಿರು ಸರಾಗವಾಗುವುದಿಲ್ಲ ಅಲ್ವಾ?

ಕೊನೆಗೆ ನಾವು ಮಾಡಿಕೊಂಡಿರುವ ಏರ್ಪಾಡು ಹೀಗಿದೆ. ಚಳಿಗಾಲದಲ್ಲಿ ಇಲ್ಲೇ ಇರುತ್ತೇವೆ, ಮಳೆಗಾಲದಲ್ಲಿ ಹೋಗುತ್ತೇವೆ. ಎಲ್ಲರೂ ಹೇಳುವುದಕ್ಕೆ ಉಲ್ಟಾ. ಅದೂ ಮಂಗಳೂರಿಗಲ್ಲ, ಮೈಸೂರಿಗೆ. ಜುಲೈಯಲ್ಲಿ ಅಲ್ಲಿ ಹಗಲು 28, ರಾತ್ರಿ 20. ಇಡೀ ವರ್ಷದ ಮಳೆ ಸುಮಾರು 800 ಮಿಲಿಮೀಟರ್, ನಮ್ಮ ಜುಲೈ ಒಂದರಲ್ಲೇ ಅಷ್ಟು ಬಂದುಬಿಡುತ್ತದೆ. ಬಸ್ಸು ಹತ್ತಿದರೆ 120 ಕಿಲೋಮೀಟರ್, ಘಟ್ಟ ಇಳಿಯುವ ತಾಪತ್ರಯ ಇಲ್ಲ. ನಾಲ್ಕು ತಿಂಗಳಿಗೆ ಯಾರೂ ಮನೆ ಕೊಡುವುದಿಲ್ಲ, ಹನ್ನೊಂದು ತಿಂಗಳ ಕರಾರು ಬೇಕು ಅಂತಾರೆ. ಅದಕ್ಕೆ ನನ್ನ ತಮ್ಮನ ಮನೆಯ ಮಹಡಿ ಕೋಣೆಯನ್ನು ಬಾಡಿಗೆ ಕೊಟ್ಟೇ ತೆಗೆದುಕೊಂಡಿದ್ದೇವೆ. ಬಾಡಿಗೆ ಬೇಡ ಅಂದ, ಆದರೆ ಬಾಡಿಗೆ ಕೊಟ್ಟರೆ ಜಗಳವಾಡುವ ಹಕ್ಕು ಇರುತ್ತದೆ.

ಇಲ್ಲಿಯ ಮನೆಯನ್ನು ಮಳೆಗಾಲದಲ್ಲಿ ಬೀಗ ಹಾಕಿ ಬಿಟ್ಟು ಹೋಗುವ ಹಾಗಿಲ್ಲ. ಒಲೆಯ ಹೊಗೆ ಆಡದಿದ್ದರೆ ಮಾಡಿನ ಮರ ಹಸಿಯಾಗಿ ಕೆಡುತ್ತದೆ. ಕೆಲಸಕ್ಕೆ ಬರುವ ಅಕ್ಕ ವಾರಕ್ಕೆರಡು ಸಲ ಬಂದು ಒಲೆ ಹಚ್ಚಿ, ಬೀರು ಬಾಗಿಲು ತೆರೆದಿಟ್ಟು, ಜಾರಿದ ಹೆಂಚು ಇದ್ದರೆ ಫೋನ್ ಮಾಡುತ್ತಾರೆ. ಅದಕ್ಕೆ ಬೇಕಾದಷ್ಟು ಸೌದೆಯನ್ನು ಮೇ ತಿಂಗಳಲ್ಲೇ ಒಡೆಸಿ ಕೊಟ್ಟಿಗೆಗೆ ಹಾಕಿಸಬೇಕು. ನಮ್ಮ ಮನೆಯವರ ಷರತ್ತು ಎರಡು. ಕೊಡವರ ಕಕ್ಕಡ ತಿಂಗಳ ಹದಿನೆಂಟಕ್ಕೆ, ಅಂದರೆ ಆಗಸ್ಟ್ 3ರ ಹೊತ್ತಿಗೆ, ಆ ದಿನ ಅಡುಗೆಗೆ ಹಾಕುವ ಔಷಧಿ ಗಿಡ ಮದ್ದುಸೊಪ್ಪನ್ನು ಯಾರಾದರೂ ಬಸ್ಸಿನಲ್ಲಿ ಕಳಿಸಬೇಕು, ಅಕ್ಟೋಬರಿನ ತುಲಾ ಸಂಕ್ರಮಣದ ಒಳಗೆ ಅವರನ್ನು ವಾಪಸ್ ಮಡಿಕೇರಿಗೆ ತಂದು ಬಿಡಬೇಕು. ಎರಡಕ್ಕೂ ಒಪ್ಪಿದ್ದೇನೆ.

ನಮಸ್ಕಾರ.