ಹಳೆ ಬೈಕ್ ಹತ್ತಿ ದೂರ ಹೊರಟವರಿಗೆ

ನಮಸ್ಕಾರ. ಹಳೆ ಬೈಕ್‌ನಲ್ಲಿ ದೇಶ ದೇಶ ಸುತ್ತಲು ಹೊರಟಿದ್ದೇನೆ ಅಂದ ತಕ್ಷಣ ಎಲ್ಲರೂ ಕೇಳುವುದು ಒಂದೇ: ದಾರಿ ಮಧ್ಯೆ ಕೆಟ್ಟು ನಿಂತರೆ? ನಿಲ್ಲುತ್ತದೆ. ಹೊಸದೂ ನಿಲ್ಲುತ್ತದೆ. ಆದರೆ ಹಳೆಯದು ಎಲ್ಲಿ ಕೈ ಕೊಡುತ್ತದೆ ಅನ್ನುವುದು ನಿಮಗಿಂತ ಮುಂಚೆ ಓಡಿಸಿದವರಿಗೆ ಆಗಲೇ ಗೊತ್ತಾಗಿರುತ್ತದೆ. ನಾನು ಹಳೆ ಗಾಡಿ ಇಷ್ಟಪಡುವುದೇ ಅದಕ್ಕೆ.

1987ರಲ್ಲಿ ಬಂದ ಕವಾಸಾಕಿ ಕೆಎಲ್‌ಆರ್ 650 ನೋಡಿ. ಅದರ ಎಂಜಿನ್ ಒಳಗೆ ಬ್ಯಾಲೆನ್ಸರ್ (ನಡುಕ ಕಡಿಮೆ ಮಾಡುವ ಭಾಗ) ಚೈನ್ ಬಿಗಿ ಮಾಡುವ ಪುಟ್ಟ ಲಿವರ್ ಒಂದಿದೆ, ಸವಾರರು ಅದನ್ನು ಪ್ರೀತಿಯಿಂದಲೋ ಸಿಟ್ಟಿನಿಂದಲೋ 'ಡೂಹಿಕಿ' ಅಂತ ಕರೆಯುತ್ತಾರೆ. ಹಳೆ ಗಾಡಿಗಳಲ್ಲಿ ಅದು ಮುರಿಯುವುದುಂಟು. ಗಟ್ಟಿಯಾದ ಬದಲಿ ಲಿವರ್ ಸಿಗುತ್ತದೆ. ಮಾರುವವರನ್ನು ಕೇಳಿ, "ಡೂಹಿಕಿ ಬದಲಾಯಿಸಿದ್ದೀರಾ?" ಅಂತ. ಬಿಲ್ ತೆಗೆದು ತೋರಿಸಿದರೆ ಗಾಡಿಯನ್ನು ನೋಡಿಕೊಂಡವರು ಅಂತ ಅರ್ಥ. "ಅದೇನದು?" ಅಂದರೆ ಆ ಕೆಲಸ ನಿಮ್ಮ ತಲೆಗೆ ಬಂತು.

1980ರ ಬಿಎಂಡಬ್ಲ್ಯೂ ಆರ್80ಜಿ/ಎಸ್ ಬಗ್ಗೆ ಜನ ಮಾತಾಡುವುದು ಜಾಸ್ತಿ, 1981ರಲ್ಲಿ ಪ್ಯಾರಿಸ್-ಡಕಾರ್ ಮರುಭೂಮಿ ರ‍್ಯಾಲಿ ಗೆದ್ದದ್ದಕ್ಕೆ. ಅಲ್ಲಿ ಸವಾರನ ಹಿಂದೆ ಮೆಕ್ಯಾನಿಕ್‌ಗಳಿದ್ದರು ಸ್ವಾಮಿ, ನಿಮ್ಮ ಹಿಂದೆ ಇರುವುದು ಬ್ಯಾಗ್ ಅಷ್ಟೇ! ನನಗೆ ಅದರಲ್ಲಿ ಹಿಡಿಸುವುದು ಬೇರೆ. ಸಿಲಿಂಡರ್‌ಗಳು ಎರಡೂ ಬದಿಗೆ ಚಾಚಿಕೊಂಡಿವೆ, ಟ್ಯಾಂಕ್ ಬಿಚ್ಚದೆ ರಸ್ತೆ ಬದಿಯಲ್ಲೇ ಕೂತು ವಾಲ್ವ್ ಹೊಂದಿಸಬಹುದು. ಹಿಂದಿನ ಚಕ್ರ ತಿರುಗಿಸಲು ಶಾಫ್ಟ್ (ಕಬ್ಬಿಣದ ದಂಡ) ಇರುವುದರಿಂದ ಚೈನ್‌ನ ಗೋಜಿಲ್ಲ. 1983ರಲ್ಲಿ ಬಂದ ಯಮಹಾ ಟೆನೆರೆಯದು ಇನ್ನೂ ಸರಳ ಲೆಕ್ಕ: ಒಂದೇ ಸಿಲಿಂಡರ್, ಗಾಳಿಯಲ್ಲೇ ತಣ್ಣಗಾಗುವ ಎಂಜಿನ್, ಸುಮಾರು 30 ಲೀಟರ್ ಟ್ಯಾಂಕ್. ಬಿದ್ದರೆ ಒಡೆಯಲು ರೇಡಿಯೇಟರೇ ಇಲ್ಲ.

ಈ ಹಳೆ ಗಾಡಿಗಳಲ್ಲಿ ಪೆಟ್ರೋಲ್ ಮತ್ತು ಗಾಳಿ ಬೆರೆಸುವ ಕಾರ್ಬುರೇಟರ್ ಅಂದರೆ ಕೆಲವರು ಮೂಗು ಮುರಿಯುತ್ತಾರೆ. ಎತ್ತರದ ಘಟ್ಟ ಹತ್ತಿದರೆ ಗಾಳಿ ತೆಳುವಾಗಿ ಪೆಟ್ರೋಲ್ ಹೆಚ್ಚಾಗುತ್ತದೆ, ಕಪ್ಪು ಹೊಗೆ ಬರುತ್ತದೆ, ಗಾಡಿ ಎಳೆಯುವುದಿಲ್ಲ. ನಿಜವೇ. ಆದರೆ ಸಣ್ಣ ಜೆಟ್ (ಪೆಟ್ರೋಲ್ ಹರಿಯುವ ತೂತಿನ ಪುಟ್ಟ ಬಿಡಿಭಾಗ) ಒಂದನ್ನು ಜೇಬಲ್ಲಿ ಇಟ್ಟುಕೊಂಡಿದ್ದರೆ ನಿಮ್ಮ ಕೈಯಲ್ಲೇ ಸರಿಯಾಗುತ್ತದೆ.

ಮಾಡೆಲ್ ಆಯ್ತು. ಈಗ ಎದುರಿಗೆ ನಿಂತಿರುವ ಆ ಒಂದು ಗಾಡಿಗೆ ಬನ್ನಿ. ಹೋದ ಕೂಡಲೇ ಎಂಜಿನ್ ಮೇಲೆ ಕೈ ಇಡಿ. ಬೆಚ್ಚಗಿದೆಯಾ? ಹಾಗಾದರೆ ಇನ್ನೊಂದು ದಿನ ಬೆಳಿಗ್ಗೆ ಬರುತ್ತೇನೆ ಅನ್ನಿ. ನಾನು ಒಮ್ಮೆ ಸುಮ್ನೆ ಸಂಕೋಚಪಟ್ಟುಕೊಂಡು ಬೆಚ್ಚಗಿನ ಎಂಜಿನ್ ಒಪ್ಪಿಕೊಂಡು ಬಂದೆ. ಮಾರನೇ ದಿನ ಬೆಳಿಗ್ಗೆ ಇಪ್ಪತ್ತು ಸಲ ಒದ್ದ ಮೇಲೆ ಸ್ಟಾರ್ಟ್ ಆಯ್ತು, ಅಂಗಳ ತುಂಬಾ ನೀಲಿ ಹೊಗೆ. ಆಯಿಲ್ ಒಳಗೆ ಇಳಿಯದಂತೆ ತಡೆಯುವ ವಾಲ್ವ್ ಸೀಲ್ ಹೋಗಿತ್ತು.

ಆಯಿಲ್ ಇಳಿಸಲು ಬಿಟ್ಟರೆ ಇಳಿಸಿ, ಬೆರಳ ತುದಿಯಲ್ಲಿ ಉಜ್ಜಿ ಬಿಸಿಲಿಗೆ ಹಿಡಿಯಿರಿ. ಮಿರಮಿರ ಮಿನುಗಿದರೆ ಒಳಗೆ ಯಾವುದೋ ಲೋಹ ಸವೆಯುತ್ತಿದೆ. ಮುಂದಿನ ಚಕ್ರ ಎತ್ತಿ ಹ್ಯಾಂಡಲ್ ನಿಧಾನ ತಿರುಗಿಸಿ. ನಡುವೆ ಕಟಕ್ ಅಂತ ಸಿಕ್ಕಿಕೊಂಡರೆ ಹ್ಯಾಂಡಲ್ ಬೇರಿಂಗ್ ಹೊಸದು ಬೇಕು. ಟೈರ್ ಬದಿಯ ನಾಲ್ಕಂಕಿ ಓದಿ. 2319 ಅಂದರೆ 2019ರ 23ನೇ ವಾರ ತಯಾರಾದದ್ದು. ಟೈರ್‌ನ ಗೆರೆಗಳು ಎಷ್ಟೇ ಆಳವಿರಲಿ, ರಬ್ಬರ್‌ಗೆ ವಯಸ್ಸಾಗುತ್ತದೆ ಅಲ್ವಾ? ಬ್ರೇಕ್ ಪೈಪ್‌ಗಳಿಗೂ ಅಷ್ಟೇ.

ಭಾರದ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಬ್ಯಾಗ್ ಕಟ್ಟಿ, ಗಾಡಿ ಮಲಗಿಸಿ, ಒಬ್ಬರೇ ಎತ್ತಿ ನೋಡಿ.

ಕೊನೆಗೆ ಟಾರ್ಚ್ ಹಿಡಿದು ಬಗ್ಗಿ. ಎಂಜಿನ್ ನಂಬರ್, ಚಾಸಿಸ್ ನಂಬರ್, ಎರಡನ್ನೂ ಕಾಗದದ ಜೊತೆ ಒಂದೊಂದೇ ಅಕ್ಷರ ಹೋಲಿಸಿ. ಗಡಿಯಲ್ಲಿ ಅಧಿಕಾರಿ ಇದನ್ನೇ ಮಾಡುತ್ತಾರೆ. ಯಾರೋ ಎಂಜಿನ್ ಬದಲಾಯಿಸಿ ಕಾಗದ ಹಾಗೇ ಬಿಟ್ಟಿದ್ದರೆ, ಗಾಡಿ ಎಷ್ಟೇ ಚೆನ್ನಾಗಿ ಓಡಲಿ, ಮಾರುವವರಿಗೆ ಕೈ ಮುಗಿದು ಬಂದುಬಿಡಿ.