ಬ್ರೇಕ್ ಪೈಪಿಗೆ ತೇಪೆ ಬೇಡ

ಹಳೆಯ ಕಾರಿನ ಬ್ರೇಕ್ ಪೈಪುಗಳನ್ನು ಮನೆಯಂಗಳದಲ್ಲಿ ನಾನೇ ಬದಲಿಸಿದೆ ಎಂದು ಹೇಳಿದರೆ ನಮ್ಮ ಕಲಬುರಗಿಯಲ್ಲಿ ಎರಡು ಬಗೆಯ ಉತ್ತರ ಬರುತ್ತವೆ. ಬ್ರೇಕಿನ ಜೊತೆ ಆಟ ಬೇಡ ಎಂಬುದು ಒಂದು; ಅಷ್ಟು ಸಣ್ಣ ತೂತಿಗೆ ಇಷ್ಟು ದೊಡ್ಡ ಕೆಲಸವೇಕೆ ಎಂಬುದು ಇನ್ನೊಂದು. ಮೊದಲನೆಯ ಮಾತನ್ನು ನಾನು ಗೌರವಿಸುತ್ತೇನೆ. ಇಂದು ನನ್ನ ತಕರಾರು ಇರುವುದು ಎರಡನೆಯದರ ಮೇಲೆ.

ನನ್ನದು 20 ವರ್ಷ ದಾಟಿದ, ಕರಾವಳಿಯಲ್ಲಿ ಓಡಿ ಆಮೇಲೆ ನನ್ನ ಕೈಗೆ ಬಂದ ಚಿಕ್ಕ ಕಾರು. 15 ವರ್ಷ ತುಂಬಿದ ಮೇಲೆ ನೋಂದಣಿಯನ್ನು 5 ವರ್ಷಕ್ಕೊಮ್ಮೆ ನವೀಕರಿಸಿಕೊಳ್ಳುತ್ತಾ ಬಂದವರಿಗೆ ಇಂಥ ಕಾರಿನ ಮೇಲೆ ಎಂಥ ಮೋಹವಿರುತ್ತದೆ ಎಂಬುದು ಗೊತ್ತು. ಕಳೆದ ಮಳೆಗಾಲದಲ್ಲಿ ಬ್ರೇಕ್ ಆಯಿಲ್ ಡಬ್ಬಿಯ ಮಟ್ಟ ಮೆಲ್ಲಮೆಲ್ಲನೆ ಇಳಿಯತೊಡಗಿತು. ಚಕ್ರಗಳ ಬಳಿ ಎಲ್ಲಿಯೂ ಪಸೆ ಇರಲಿಲ್ಲ. ಕೊನೆಗೆ ಹಿಂದಿನ ಆಕ್ಸಲ್‌ಗಿಂತ ಒಂದು ಮೊಳ ಮುಂದೆ, ಪೈಪನ್ನು ಹಿಡಿದಿದ್ದ ಕ್ಲಿಪ್ಪಿನ ಸಂದಿಯಲ್ಲಿ ಗಟ್ಟಿಯಾಗಿ ಕೂತಿದ್ದ ಎರೆಮಣ್ಣಿನ ಹೆಂಟೆಯನ್ನು ಸ್ಕ್ರೂ ಡ್ರೈವರಿನಿಂದ ಎಬ್ಬಿಸಿದಾಗ, ಅದರ ಹಿಂದೆಯೇ ಪೈಪಿನ ಹೊರಮೈ ಬೇವಿನ ತೊಗಟೆಯಂತೆ ಪದರ ಪದರವಾಗಿ ಕಳಚಿ ಬಂತು. ಬಿಸಿಲಿನ ಊರಿನಲ್ಲಿ ಕಾರಿಗೆ ತುಕ್ಕು ಹಿಡಿಯುವುದಿಲ್ಲ ಎಂಬ ನಮ್ಮ ನಂಬಿಕೆ ಅರ್ಧ ಮಾತ್ರ ನಿಜ. ರಸ್ತೆ ಒಣಗಿದ ಎಷ್ಟೋ ದಿನಗಳ ನಂತರವೂ ಎರೆಮಣ್ಣು ತನ್ನೊಳಗೆ ತೇವ ಹಿಡಿದುಕೊಂಡಿರುತ್ತದೆ ಎಂಬುದು ತೊಗರಿ ಬೆಳೆಯುವ ಜಿಲ್ಲೆಯವರಿಗೆ ಹೊಸದಾಗಿ ಹೇಳಬೇಕಾದ ಸಂಗತಿಯಲ್ಲ.

ನಾನು ಬಹಳ ವರ್ಷಗಳಿಂದ ನಂಬಿರುವ ಮೆಕ್ಯಾನಿಕ್ ಒಬ್ಬರು ಬಗ್ಗಿ ನೋಡಿ, "ಸರ, ಇಷ್ಟೇ ಕಟ್ ಮಾಡಿ ಫ್ರಿಜ್ಜಿನ ತಾಮ್ರದ ನಳಿ ಕೂಡಿಸಿಬಿಡೂಣ್ರಿ, ಏನೂ ಆಗಂಗಿಲ್ಲ" ಎಂದರು. ಅವರು ಮೋಸ ಮಾಡುವವರಲ್ಲ. ನನ್ನ ಹಣ ಉಳಿಸಬೇಕೆಂದೇ ಹಾಗೆ ಹೇಳಿದರು. ಆದರೂ ನಾನು ಒಪ್ಪಲಿಲ್ಲ. ಟೈರಿನೊಳಗಿನ ಗಾಳಿಯ ಒತ್ತಡ ಸುಮಾರು 30 ಪಿಎಸ್ಐ ಇದ್ದರೆ, ಪೆಡಲನ್ನು ಜೋರಾಗಿ ತುಳಿದಾಗ ಬ್ರೇಕ್ ಪೈಪಿನೊಳಗೆ 1,000 ಪಿಎಸ್ಐಗೂ ಹೆಚ್ಚು ಒತ್ತಡ ಏಳುತ್ತದೆ. ಶುದ್ಧ ತಾಮ್ರ ಬಗ್ಗಿಸಲು ಸುಲಭ, ನಿಜ. ಆದರೆ ಓಡುವ ಗಾಡಿಯ ನಡುಕಕ್ಕೆ ಅದು ಬರುಬರುತ್ತಾ ಬಿರುಸಾಗಿ ಬಿರುಕು ಬಿಡುತ್ತದೆ. ಅದಕ್ಕಿಂತ ಮುಖ್ಯವಾದ ಮಾತೆಂದರೆ, ಒಂದು ಕ್ಲಿಪ್ಪಿನಡಿ ಕೊಳೆತ ಪೈಪು ಉಳಿದ ಕ್ಲಿಪ್ಪುಗಳಡಿ ಗಟ್ಟಿಯಾಗಿರುತ್ತದೆ ಎಂದು ನಂಬಲು ಯಾವ ಕಾರಣವೂ ಇಲ್ಲ. ಪೆಡಲಿನ ಒತ್ತನ್ನು ಆಯಿಲಿಗೆ ದಾಟಿಸುವ ಮಾಸ್ಟರ್ ಸಿಲಿಂಡರಿನಲ್ಲಿ ಎರಡು ಪ್ರತ್ಯೇಕ ದಾರಿಗಳಿರುವುದರಿಂದ ಒಂದು ಒಡೆದರೂ ಇನ್ನೊಂದು ಉಳಿಯುತ್ತದೆ ಎಂದು ಕೆಲವರು ವಾದಿಸುತ್ತಾರೆ. ಉಳಿಯುತ್ತದೆ, ಆದರೆ ಪೆಡಲು ಬಹುಪಾಲು ಕೆಳಗೆ ಹೋದ ಮೇಲೆ, ಅರೆಬರೆ ಹಿಡಿತದೊಂದಿಗೆ. ಹುಮನಾಬಾದ್ ರಸ್ತೆಯಲ್ಲಿ ಕಬ್ಬಿನ ಟ್ರ್ಯಾಕ್ಟರಿನ ಹಿಂದೆ ಇದ್ದಾಗ ಆ ಅರೆಬರೆಯನ್ನು ಪರೀಕ್ಷಿಸಿ ನೋಡುವ ಆಸೆ ನನಗಂತೂ ಇಲ್ಲ.

ಹೀಗಾಗಿ ಎಂಜಿನ್ ಕಡೆಯಿಂದ ಹಿಂದಿನ ಚಕ್ರದವರೆಗೆ ಪೂರ್ತಿ ಪೈಪನ್ನೇ ಬದಲಿಸಿದೆ. ಬಳಸಿದ್ದು ತಾಮ್ರ ಮತ್ತು ನಿಕಲ್ ಬೆರೆತ, ಬ್ರೇಕಿಗೆಂದೇ ತಯಾರಾದ 4.75 ಮಿಲಿಮೀಟರಿನ ಪೈಪು. ಇದರಲ್ಲಿ ಸುಮಾರು ಹತ್ತರಲ್ಲಿ ಒಂದು ಪಾಲು ನಿಕಲ್ ಇರುತ್ತದೆ. ವೋಲ್ವೋ ಕಂಪನಿ 1976ರಲ್ಲೇ ತನ್ನ ಕಾರುಗಳಿಗೆ ಇದನ್ನು ಹಾಕತೊಡಗಿತ್ತು. ಕೈಯಿಂದಲೇ ಬಾಗುವಷ್ಟು ಮೃದು, ತುಕ್ಕಿನ ಭಯವೂ ಇಲ್ಲ.

ಕೆಲಸದ ಜೀವಾಳ ಇರುವುದು ಪೈಪಿನ ಬಾಯಿಯಲ್ಲಿ. ಜಪಾನಿ ವಿನ್ಯಾಸದ ಕಾರುಗಳಲ್ಲಿ ಪೈಪಿನ ತುದಿಯನ್ನು ಮೊದಲು ಒಳಗೆ ಮಡಚಿ, ಆಮೇಲೆ 45 ಡಿಗ್ರಿ ಕೋನದಲ್ಲಿ ಅರಳಿಸಿ ಎರಡು ಪದರದ ಬಾಯಿ ಮಾಡಬೇಕು. ಯುರೋಪಿನ ಬಹಳಷ್ಟು ಕಾರುಗಳಲ್ಲಿ ಬಾಯಿ ಗುಳ್ಳೆಯಾಕಾರದಲ್ಲಿರುತ್ತದೆ, ಒಂದರ ಜಾಗದಲ್ಲಿ ಇನ್ನೊಂದು ಕೂರುವುದಿಲ್ಲ. ನಾನು ಮಾಡಿದ ಮೊದಲ ಬಾಯಿ ಒಂದು ಪಕ್ಕಕ್ಕೆ ವಾಲಿತು. ಎರಡನೆಯದರ ಅಂಚಿನಲ್ಲಿ ಕೂದಲೆಳೆಯಷ್ಟು ಸೀಳು ಕಂಡಿತು, ಏಕೆಂದರೆ ಕಟರ್ ಬಿಟ್ಟುಹೋದ ಮುಳ್ಳನ್ನು ಅರದಿಂದ ಉಜ್ಜದೆ ಅವಸರ ಮಾಡಿದ್ದೆ. ಮೂರನೆಯದು ಕನ್ನಡಿಯಂತೆ ಬಂತು, ಆದರೆ ನಟ್ಟನ್ನು ಮೊದಲೇ ಪೈಪಿಗೆ ಏರಿಸುವುದನ್ನು ಮರೆತಿದ್ದೆ! ಆ ಮೂರನ್ನೂ ಕತ್ತರಿಸಿ ಎಸೆದೆ. ಮನೆಯಲ್ಲಿ ಈ ಕೆಲಸ ಮಾಡಬಹುದೇ ಎಂದು ಕೇಳುವವರನ್ನು ನಾನು ಮರಳಿ ಕೇಳುವುದು ಇಷ್ಟೇ: ಸಂಜೆಯಾಗಿದೆ, ಸೊಂಟ ನೋಯುತ್ತಿದೆ, ಸ್ವಲ್ಪ ವಾಲಿದ ಬಾಯೊಂದು ಕೈಯಲ್ಲಿದೆ, ಗಟ್ಟಿಯಾಗಿ ಬಿಗಿದರೆ ಸೋರಲಿಕ್ಕಿಲ್ಲ ಎಂದು ಮನಸ್ಸು ಹೇಳುತ್ತಿದೆ. ಆಗ ಅದನ್ನು ಕತ್ತರಿಸಿ ಎಸೆಯುತ್ತೀರಾ? ಎಸೆಯಲಾರೆ ಎನ್ನುವವರು ದಯವಿಟ್ಟು ಗ್ಯಾರೇಜಿಗೆ ಹೋಗಬೇಕು.

ಜಂಗು ಹಿಡಿದ ನಟ್ಟುಗಳಿಗೆ ತೆರೆದ ಬಾಯಿಯ ಪಾನಾ ಹಾಕಿದರೆ ಮೂಲೆಗಳು ಸವೆದು ದುಂಡಗಾಗುತ್ತವೆ. ಹೇಗೂ ಎಸೆಯುವ ಪೈಪಾದ್ದರಿಂದ ಅದನ್ನು ನಟ್ಟಿನ ಬುಡಕ್ಕೇ ಕತ್ತರಿಸಿ, ನಟ್ಟನ್ನು ಸುತ್ತಲೂ ಹಿಡಿಯುವ ಗೋಟಿ ಪಾನಾ (ಸಾಕೆಟ್) ಹಾಕಿ ಬಿಚ್ಚುವುದು ಮೇಲು. ಅಂಗಳದ ಶಹಾಬಾದ್ ಪರಸಿಯ ಮೇಲೆ ಎತ್ತಿದ ಕಾರನ್ನು ಹೊರುವ ಸ್ಟ್ಯಾಂಡನ್ನು ನೇರವಾಗಿ ಇಟ್ಟರೆ ಕಲ್ಲು ಸೀಳಬಹುದು. ಕೆಳಗೆ ದಪ್ಪ ಹಲಗೆ ಇರಲಿ, ಬರೀ ಜಾಕಿನ ಮೇಲೆ ನಿಂತ ಕಾರಿನ ಕೆಳಗೆ ತಲೆ ಹಾಕಲೇಬಾರದು.

ಪೈಪಿನೊಳಗೆ ಹೊಕ್ಕ ಗಾಳಿ ತೆಗೆಯಲು ಮಗ ಪೆಡಲು ತುಳಿಯಲು ಕೂತ, ನಾನು ಚಕ್ರದ ಬಳಿ ಗಾಳಿ ಬಿಡುವ ನಿಪ್ಪಲಿಗೆ ಪಾರದರ್ಶಕ ನಳಿ ಸಿಕ್ಕಿಸಿ ಕೆಳಗೆ ಮಲಗಿದೆ. ಮಾಸ್ಟರ್ ಸಿಲಿಂಡರಿನಿಂದ ಅತಿ ದೂರದ ಎಡ ಹಿಂಚಕ್ರದಿಂದ ಆರಂಭಿಸಿದೆವು. ಕೆಲವು ಕಾರುಗಳಲ್ಲಿ ಈ ಕ್ರಮ ಬೇರೆಯಾಗಿರುವುದರಿಂದ ಕಾರಿನ ಕೈಪಿಡಿ ನೋಡಿಕೊಳ್ಳಬೇಕು. "ಅಪ್ಪಾ, ಪೆಡಲ್ ಇನ್ನಾ ಕೆಳಗ ಹೊಂಟದ" ಎನ್ನುತ್ತಿದ್ದವನು ನಾಲ್ಕನೆಯ ಚಕ್ರ ಮುಗಿಯುವ ಹೊತ್ತಿಗೆ "ಈಗ ಕಲ್ಲಾಗ್ಯಾದ" ಎಂದ. ಹೊಸ ಬ್ರೇಕ್ ಆಯಿಲನ್ನೇ, ಡಬ್ಬಿಯ ಮುಚ್ಚಳದ ಮೇಲೆ ಬರೆದಿರುವ ಡಾಟ್ ಸಂಖ್ಯೆಯದನ್ನೇ (ಅದು ಆಯಿಲಿನ ದರ್ಜೆ) ಹಾಕಬೇಕು. ಬ್ರೇಕ್ ಆಯಿಲ್ ಗಾಳಿಯ ತೇವವನ್ನು ಹೀರುತ್ತದೆ, ಹೀರಿದಂತೆ ಬೇಗ ಕುದಿಯುತ್ತದೆ. ಡಾಟ್ 3 ಆಯಿಲ್ ಹೊಸದಿದ್ದಾಗ ಕನಿಷ್ಠ 205 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯಬಾರದು ಎಂಬ ನಿಯಮವಿದ್ದರೆ, ತೇವ ಹೀರಿದ ಆಯಿಲಿಗೆ ಆ ಮಿತಿ 140 ಡಿಗ್ರಿ ಮಾತ್ರ. ಬ್ರೇಕ್ ಹಾಕಿದಾಗ ಚಕ್ರ ಸಿಕ್ಕಿಹಾಕಿಕೊಳ್ಳದಂತೆ ತಡೆಯುವ ಎಬಿಎಸ್ ಇರುವ ಕಾರುಗಳ ಮಾತು ಬೇರೆ. ಹಲವು ಕಾರುಗಳಲ್ಲಿ ಅದರ ಪೆಟ್ಟಿಗೆಯೊಳಗೆ ಗಾಳಿ ಹೊಕ್ಕರೆ ಸ್ಕ್ಯಾನರ್ ಇಲ್ಲದೆ ತೆಗೆಯಲಾಗದು, ಅಲ್ಲಿ ನಾನು ಕೈ ಹಾಕುವುದಿಲ್ಲ.

ಎಂಜಿನ್ ಚಾಲೂ ಇಟ್ಟು ಪೆಡಲನ್ನು ಬಿಗಿಯಾಗಿ ಒತ್ತಿ ಹಿಡಿದು, ಪ್ರತಿ ಜೋಡಣೆಯನ್ನೂ ಒಣ ಕಾಗದದಿಂದ ಒರೆಸಿ ನೋಡಿದೆವು. ರಾತ್ರಿಯಿಡೀ ಹಾಸಿದ್ದ ಹಳೆಯ ಪತ್ರಿಕೆಗಳು ಬೆಳಿಗ್ಗೆ ಒಣಗಿಯೇ ಇದ್ದವು. ಆದರೂ ಕಾರನ್ನು ರಸ್ತೆಗಿಳಿಸುವ ಮೊದಲು ತಾಮ್ರದ ನಳಿ ಕೂಡಿಸೋಣ ಎಂದಿದ್ದ ಅದೇ ಮೆಕ್ಯಾನಿಕ್‌ರನ್ನು ಮನೆಗೆ ಕರೆಸಿದೆ. ಅವರು ಬಾಯಿಗಳನ್ನಾಗಲಿ ನಟ್ಟುಗಳನ್ನಾಗಲಿ ತೆಗಳಲಿಲ್ಲ. ಪೈಪಿನುದ್ದಕ್ಕೂ ಹೆಬ್ಬೆರಳು ಆಡಿಸುತ್ತಾ ಹೋಗಿ ಪೆಟ್ರೋಲ್ ಟ್ಯಾಂಕಿನ ಹತ್ತಿರ ನಿಂತು, "ಇಲ್ಲಿ ಒಂದ್ ಕ್ಲಿಪ್ ಬಿಟ್ಟೀರಿ ಸರ, ಬಡಕೊಂಡು ಬಡಕೊಂಡು ಸವಿತದ್ರಿ" ಎಂದು ಜೇಬಿನಿಂದ ಒಂದನ್ನು ತೆಗೆದು ಒತ್ತಿ ಕೂರಿಸಿದರು. ಕ್ಲಿಪ್ಪಿಗೆ 10 ರೂಪಾಯಿ ತೆಗೆದುಕೊಂಡರು.