ಮೊದಲು ಓಣಿಗೆ ಹೇಳಿ

ಎಲ್ಲರಿಗೂ ನಮಸ್ಕಾರ. ರೇಡಿಯೋ ಹಚ್ಚಿಟ್ಟು ರೊಟ್ಟಿ ಬಡಿಯುತ್ತಿರುವವರು, ಅಂಗಡಿ ಬಾಗಿಲು ತೆಗೆದು ಕಸ ಹೊಡೆಯುತ್ತಿರುವವರು, ಸ್ಟ್ಯಾಂಡಿನಲ್ಲಿ ಆಟೋ ನಿಲ್ಲಿಸಿಕೊಂಡು ಕೂತವರು, ನೀವೆಲ್ಲ ನನ್ನ ಕಣ್ಣ ಮುಂದೆ ಇದ್ದೀರಿ. ಇವತ್ತಿನ ಮಾತು ನಿಮಗೇ.

ಮನೆಯ ಹಿರಿಯರು ಹೇಳಿದ್ದನ್ನೇ ಹತ್ತು ಸಲ ಹೇಳುತ್ತಾರೆ. ಈಗಷ್ಟೇ ಉಂಡು ಕೈ ತೊಳೆದವರು 'ನನಗ ಯಾರೂ ಊಟಕ್ಕ ಕರೀಲಿಲ್ಲ' ಅಂತ ಮುಖ ಸಣ್ಣ ಮಾಡುತ್ತಾರೆ. ನಾವೇನು ಅಂತೀವಿ? ಅರವತ್ತಕ್ಕೆ ಅರಳು ಮರಳು. ಮುಗೀತು. ಅಲ್ಲ ಸ್ವಾಮಿ, ಇದು ವಯಸ್ಸಿನ ಗುಣ ಅಲ್ಲ, ಮಿದುಳಿನ ಕಾಯಿಲೆ. ಡಿಮೆನ್ಶಿಯಾ, ಮರೆಗುಳಿ ಕಾಯಿಲೆ. ಅದರಲ್ಲಿ ಜಾಸ್ತಿ ಕಾಣುವುದು ಅಲ್ಝೈಮರ್. ಜರ್ಮನಿಯ ಡಾಕ್ಟರ್ ಅಲೋಯಿಸ್ ಅಲ್ಝೈಮರ್ 1906ರಲ್ಲೇ ಇದನ್ನು ವಿವರಿಸಿದ್ದರು. ನಮ್ಮಲ್ಲಿ ಇನ್ನೂ ಅರಳು ಮರಳೇ ನಡೆದಿದೆ! ಭಾರತದಲ್ಲಿ ಅರವತ್ತು ದಾಟಿದ ನೂರು ಜನರಲ್ಲಿ ಸುಮಾರು 7 ಜನರಿಗೆ ಇದು ಇದೆ ಅಂತ ಅಂದಾಜು. ಹಾಗಾದರೆ ನಿಮ್ಮ ಓಣಿಯಲ್ಲಿ ಯಾಕೆ ಯಾರೂ ಕಾಣುವುದಿಲ್ಲ? ಮನೆಯವರು ಮುಚ್ಚಿಟ್ಟಿದ್ದಾರೆ, ಅದಕ್ಕೆ.

ನನ್ನದು ಒಂದೇ ಮಾತು. ಮುಚ್ಚಿಡಬೇಡಿ, ಓಣಿಗೆ ಹೇಳಿ.

ನಮ್ಮ ಕಾಕಾನ ಕಥೆ ಹೇಳುತ್ತೇನೆ. ಹುಬ್ಬಳ್ಳಿಯ ಗದಗ ರಸ್ತೆಯ ರೈಲ್ವೆ ವರ್ಕ್‌ಶಾಪಿನಲ್ಲಿ ಕೆಲಸ ಮಾಡಿ ನಿವೃತ್ತಿ ಆದವರು. ಮರೆವು ಶುರುವಾದ ಮೇಲೆ ದಿನಾ ಬೆಳಗ್ಗೆ ಖಾಕಿ ಅಂಗಿ ಹಾಕಿಕೊಂಡು 'ಡ್ಯೂಟಿಗೆ ಹೊತ್ತಾತು' ಅಂತ ಹೊರಡುತ್ತಿದ್ದರು. ಗೇಟಿಗೆ ಬೀಗ ಹಾಕಿ ಅಂತ ಕಾಕೂಗೆ ಸಲಹೆ ಕೊಟ್ಟವಳು ನಾನೇ. ಡಾಕ್ಟರ್ ಅಲ್ವಾ, ಎಲ್ಲ ಗೊತ್ತು ಅನ್ನೋ ಗತ್ತು! ಕಾಕಾ ಗೇಟಿನ ಸರಳು ಹಿಡಿದು ಅಲ್ಲಾಡಿಸುತ್ತಾ ನಿಲ್ಲುತ್ತಿದ್ದರು. ಕೇಳಿದವರಿಗೆ ಕಾಕೂ 'ಅವರಿಗೆ ಆರಾಮಿಲ್ಲ' ಅನ್ನುತ್ತಿದ್ದರು, ಅಷ್ಟೇ.

ಒಂದು ದಿನ ಬೀಗ ಹಾಕೋದು ಮರೆಯಿತು. ಕಾಕೂಗೆ. ಕಾಕಾ ಹೊರಟೇಬಿಟ್ಟರು. ಗದಗ ರಸ್ತೆಗೆ ಹೋಗಬೇಕಾದವರು ತಿರುಗಾ ದಿಕ್ಕು ಹಿಡಿದು, ಸಂಜೆ ಉಣಕಲ್ ಕೆರೆ ಹತ್ತಿರ ಸಿಕ್ಕರು. ಒಂದು ಕಾಲಲ್ಲಿ ಮಾತ್ರ ಚಪ್ಪಲಿ. ಆಮೇಲೆ ಗೊತ್ತಾಯಿತು, ಕಿರಾಣಿ ಅಂಗಡಿಯವರು ಅವರನ್ನು ನೋಡಿದ್ದರು. ಹೂವು ಮಾರುವಾಕೆ ನೋಡಿದ್ದಳು. ಆಟೋದವರೂ ನೋಡಿದ್ದರು. 'ವಾಕಿಂಗ್ ಹೊಂಟಾರ ಅಂತ ತಿಳ್ಕೊಂಡ್ವಿ ಮೇಡಮ್ಮಾರ' ಅಂದರು. ಅವರದೇನು ತಪ್ಪು? ನಾವು ಹೇಳಿದ್ದರೆ ತಾನೇ!

ಮರುದಿನ ಕಾಕೂ ಒಂದೊಂದು ಅಂಗಡಿ ಹತ್ತಿ ಇಳಿದರು. ಇಂಥಾ ಕಾಯಿಲೆ, ಕಂಡರೆ ಕೂಡಿಸ್ರಿ, ಒಂದು ಫೋನ್ ಮಾಡ್ರಿ ಅಂತ ನಂಬರ್ ಕೊಟ್ಟರು. ನಾಲ್ಕು ಮಾತು. ಆ ಮೇಲೆ ಬೀಗ ಹಾಕುವ ಕೆಲಸವೇ ಬೀಳಲಿಲ್ಲ.

ಇದರಲ್ಲಿ ಕಟಿಂಗ್ ಅಂಗಡಿಯ ಹುಡುಗನ ಬಗ್ಗೆ ಹೇಳಲೇಬೇಕು. ಕಾಕಾ ಕೆಲವು ದಿನ ಮೂರು ಸಲ ದಾಡಿಗೆ ಹೋಗುತ್ತಿದ್ದರು. 'ಈಗಷ್ಟ ಮಾಡ್ಸಿರಲ್ಲ' ಅಂತ ಆ ಹುಡುಗ ಒಂದು ದಿನವೂ ಅನ್ನಲಿಲ್ಲ. 'ಬರ್ರಿ ಕಾಕಾ, ಕೂಡ್ರಿ' ಅನ್ನುತ್ತಿದ್ದ. ಕೊರಳಿಗೆ ಬಟ್ಟೆ ಕಟ್ಟಿ, ಬ್ರಶ್ಶಿನಿಂದ ನೊರೆ ಹಚ್ಚಿ, ಬ್ಲೇಡು ತೆಗೆದ ರೇಜರನ್ನು ಕೆನ್ನೆ ಮೇಲೆ ಎಳೆಯುತ್ತಿದ್ದ. ಬರೀ ನೊರೆ ಬಳಿದು ತೆಗೆಯೋದು. ಕಡೆಗೆ ಪೌಡರ್. ಕಾಕಾ ಕನ್ನಡಿಯಲ್ಲಿ ಗದ್ದ ಸವರಿ ನೋಡಿಕೊಂಡು ಖುಷಿಯಿಂದ ಎದ್ದು ಬರುತ್ತಿದ್ದರು. ತಿಂಗಳ ಕೊನೆಗೆ ಕಾಕೂ ದುಡ್ಡು ಕೊಡಲು ಹೋದರೆ ಲೆಕ್ಕದ ಪುಸ್ತಕದಲ್ಲಿ ದಿನಕ್ಕೆ ಒಂದೇ ದಾಡಿ. ಇದನ್ನು ಯಾವ ಮೆಡಿಕಲ್ ಕಾಲೇಜಿನಲ್ಲೂ ನನಗೆ ಕಲಿಸಿರಲಿಲ್ಲ.

ಕಾಕಾನ ಕಥೆಯಲ್ಲೇ ನನ್ನ ಹೊತ್ತು ಕಳೆಯಿತು. ಉಳಿದದ್ದು ಬೇಗ ಬೇಗ.

ಜಪಾನಿನಲ್ಲೂ ಈ ಕಾಯಿಲೆಗೆ ಹೀಯಾಳಿಸುವಂಥ ಹೆಸರೇ ಇತ್ತು. 2004ರಲ್ಲಿ ಸರ್ಕಾರವೇ ಆ ಹೆಸರು ತೆಗೆದು ಬೇರೆ ಹೆಸರಿಟ್ಟಿತು. ಮುಂದಿನ ವರ್ಷದಿಂದ ಅಂಗಡಿಯವರು, ಬ್ಯಾಂಕಿನವರು, ಶಾಲೆ ಮಕ್ಕಳಿಗೆಲ್ಲ ಒಂದೂವರೆ ತಾಸಿನ ತರಬೇತಿ ಶುರುವಾಯಿತು. ಒಂದೂವರೆ ತಾಸು! ನಮ್ಮ ಭಜನಾ ಮಂಡಳಿ, ಮಹಿಳಾ ಸಂಘಗಳಿಗೆ ಇದೇನು ದೊಡ್ಡ ಮಾತಲ್ಲ.

ಮದುವೆ ಮನೆಯಲ್ಲಿ ಅಜ್ಜನ ಮುಂದೆ ನಿಂತು 'ನಾ ಯಾರು ಹೇಳ್ರಿ ನೋಡೂಣು' ಅಂತ ಪರೀಕ್ಷೆ ಮಾಡುತ್ತೀರಲ್ಲ, ದಯವಿಟ್ಟು ನಿಲ್ಲಿಸಿ. ನನಗಂತೂ ಸಿಟ್ಟು ಬರುತ್ತದೆ. ಅವರ ಎದುರು ಕೂತು, ನಿಮ್ಮ ಹೆಸರು ನೀವೇ ಹೇಳಿ. 'ನಾನ್ರೀ, ನಿಮ್ಮ ತಂಗಿ ಮಗ.' ಅಷ್ಟು ಸಾಕು.

ಮರೆವು ಕಂಡ ಕೂಡಲೇ ಒಮ್ಮೆ ಡಾಕ್ಟರಿಗೆ ತೋರಿಸಿ. ಥೈರಾಯ್ಡ್ ತೊಂದರೆ, ಬಿ12 ಕೊರತೆ, ಖಿನ್ನತೆ ಇವುಗಳಿಂದಲೂ ಮರೆವು ಬರುತ್ತದೆ, ಅದಕ್ಕೆ ಔಷಧ ಇದೆ. ಧಾರವಾಡದಲ್ಲೇ ಡಿಮ್ಹಾನ್ಸ್ ಅನ್ನೋ ಮಾನಸಿಕ ಆರೋಗ್ಯದ ಸರ್ಕಾರಿ ಆಸ್ಪತ್ರೆ ಇದೆ, ಬೆಂಗಳೂರಿಗೆ ಓಡಬೇಕಿಲ್ಲ. ಹಿರಿಯರ ಸಹಾಯವಾಣಿ 14567. ಯಾರಾದರೂ ಕಾಣದಾದರೆ ಕತ್ತಲಾಗುವ ತನಕ ಕಾಯಬೇಡಿ, ಕೂಡಲೇ 112ಕ್ಕೆ ಫೋನ್ ಮಾಡಿ.

ಓಣಿಗೆ ಹೇಳೋದು ಎಲ್ಲಿಂದ ಶುರು ಮಾಡಲಿ ಅಂತೀರಾ? ನಾಳೆ ಬೆಳಗ್ಗೆ ಹಾಲಿನವರು ಬರುತ್ತಾರಲ್ಲ, ಪಾತ್ರೆ ಹಿಡಿದು ನಿಂತಾಗಲೇ ಹೇಳಿಬಿಡಿ. ಅವರು ಇಡೀ ಓಣಿ ಸುತ್ತುವವರು.

ನಮಸ್ಕಾರ.